ನಾಚಿಯಮ್ಮನ ಪಾನಕ
ನೆಗಮಂ ಊರಿನ ನೇಕಾರರ ಬೀದಿಯಲ್ಲಿ ಯುಗಾದಿಯ ದಿನ ನಾಚಿಯಮ್ಮನ ಮನೆ ಪಾನಕ ಕುಡಿಯದವರಿಲ್ಲ, ಮಾಡುವ ಬಗೆ ಕೇಳಿದವರಿಗೆ ಆಕೆ ಹೇಳಿಕೊಡದೆ ಕಳಿಸಿದ್ದೂ ಇಲ್ಲ. ಬೆಲ್ಲ ಕರಗಿಸುವುದರಿಂದ ಹಿಡಿದು ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತುವವರೆಗೆ ಬಾಯಿತುಂಬ ಹೇಳುತ್ತಾಳೆ, ಯಾವುದಾದರೂ ಒಂದನ್ನು ಮಾತ್ರ ನುಂಗಿಕೊಂಡು. ಗೋಕಿಲಾಗೆ ಹೇಳುವಾಗ ಶುಂಠಿ ಮರೆತುಹೋಗುತ್ತದೆ, ಪಳನಿಯಮ್ಮಾಳಿಗೆ ಪಚ್ಚಕರ್ಪೂರ, ಸ್ವಂತ ಸೊಸೆ ಕೃತ್ತಿಕಾಗೆ ಚಿಟಿಕೆ ಉಪ್ಪು. ಮರುವರ್ಷ ಅವರು “ಅಕ್ಕಾ, ನಿಮ್ಮ ರುಚಿ ಬರ್ಲೇ ಇಲ್ಲ” ಎಂದು ಲೋಟ ಚಾಚಿದರೆ, “ಕೈ ಪಳಗ್ಬೇಕು ಅಮ್ಮಿಣಿ, ಇನ್ನೊಂದ್ ಲೋಟ ಕುಡಿ” ಎಂದು ಮುದ್ದುಗರೆದು ಸೆರಗಿನೊಳಗೆ ನಗುತ್ತಾಳೆ. ಈ ಯುಗಾದಿಗೆ ನಾಚಿಯಮ್ಮ ಕಾಲು ಉಳುಕಿಸಿಕೊಂಡು ಕೂತಿದ್ದರಿಂದ ಅವರೆಲ್ಲ ಸೇರಿ, ತಮತಮಗೆ ಹೇಳಿಕೊಟ್ಟಿದ್ದನ್ನು ಕೂಡಿಸಿ, ಆಕೆಯ ಕೊಡದಲ್ಲೇ ಪಾನಕ ಮಾಡಿದರು. ನಾಚಿಯಮ್ಮ ಒಂದು ಗುಟುಕು ಕುಡಿದಳು. ಶುಂಠಿ ಇತ್ತು, ಪಚ್ಚಕರ್ಪೂರ ಇತ್ತು, ಹಾಳಾದ ಉಪ್ಪೂ ಇತ್ತು. ಇನ್ನು ತನ್ನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಆಕೆಯ ಮುಖ ಸಪ್ಪಗಾಯಿತು. ಗೋಕಿಲಾ ತನ್ನ ಲೋಟವನ್ನು ಗಟಗಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, “ಈ ವರ್ಷಾನೂ ನಿಮ್ಮ ರುಚಿ ಬರ್ಲಿಲ್ಲ ಅಕ್ಕಾ” ಎಂದಳು.