ಬಿಸಿಲಿಗೆ ಮೊದಲೇ ಹೊರಡುವ ಬದನೆಕಾಯಿ

ಬೆಳಗಿನ ಐದು ಗಂಟೆ. ಬೆಳಗಾವಿಯ ಸಗಟು ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿ ಸಾವಂತ್ರವ್ವ ಬದನೆಕಾಯಿ ಸಿಪ್ಪೆಯನ್ನು ನೀರಿನಲ್ಲಿ ಕುಲುಕುತ್ತಾರೆ. ಆ ನೀರಿನ ನಾಲ್ಕು ಹನಿಯನ್ನು ಶೀಶೆಯ ಕೆಂಪು ದ್ರಾವಣಕ್ಕೆ ಬಿಟ್ಟು ಹತ್ತು ನಿಮಿಷ ಕಾಯುತ್ತಾರೆ. ಕೆಂಪು ಉಳಿದರೆ ಸರಿ. ನೀಲಿಗೆ ತಿರುಗಿದರೆ, ಬೂಷ್ಟು ರೋಗಕ್ಕೆ ಹೊಡೆದ ಔಷಧ ಕಾಯಿಯ ಮೇಲೆ ಇನ್ನೂ ಇದೆ.

"ಏನಬೇ ಯಕ್ಕಾ, ನಿನ್ನ ಬಾಟ್ಲಿ ಇನ್ನೂ ಎದ್ದಿಲ್ಲೇನ?" ಹರಾಜಿನ ಸವಾಲು ಕೂಗುವ ದಲಾಲಿ ಬಾಳಪ್ಪನವರ ಅವಸರ.

"ನಿನ್ನ ನಾಲಿಗಿ ಕತ್ತಲಾಗೂ ನಡೀತೈತಿ. ನನ್ನ ಕಣ್ಣಿಗಿ ಬೆಳಕ ಬೇಕೋ ತಮ್ಮಾ."

ಸಾವಂತ್ರವ್ವ ನೇಕಾರರ ವಡಗಾವಿಯವರು. ಮಗ್ಗದ ನೂಲಿಗೆ ಬಣ್ಣ ಹಾಕುತ್ತ ಇಪ್ಪತ್ತೆರಡು ವರ್ಷ ಕಡಾಯಿಯ ಮುಂದೆ ಬೆಂದವರು. ಶಹಾಪುರದ ಓಣಿಗಳಲ್ಲಿ ನೂಲಿನ ಲಡಿಗಳು ಒಣಗುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿದೆ. ದೀಪದ ಕೆಳಗೆ ಬಣ್ಣ ಒಪ್ಪುವ ರೂಢಿ ಬಣ್ಣ ಹಾಕುವವರಲ್ಲಿರಲಿಲ್ಲ; ಲಡಿಯನ್ನು ಬಿಸಿಲಿಗೆ ಹಿಡಿದೇ ಹೂಂ ಅನ್ನುತ್ತಿದ್ದರು. ಆ ಕೆಲಸ ನಿಂತ ಮೇಲೆ, ಅದೇ ಕಣ್ಣಿಗಾಗಿ ಮಾರುಕಟ್ಟೆಯವರು ಇವರನ್ನು ಇಲ್ಲಿಗೆ ಕರೆತಂದರು.

ದಿನಕ್ಕೆ ಮೂವತ್ತು ಶೀಶೆ. ಪೂರ್ತಿ ನೀಲಿಯಾದದ್ದು ದೀಪದಲ್ಲೂ ಕಾಣುತ್ತದೆ, ಆ ಮಾಲು ನಿಲ್ಲುತ್ತದೆ. ಸ್ವಲ್ಪ ಔಷಧ ಉಳಿದಾಗ ಬರುವ ನಡುವಿನ ನೇರಳೆ ಮಾತ್ರ ಹಳದಿ ದೀಪದಡಿ ಕೆಂಪಿನಂತೆಯೇ ಕಾಣುತ್ತದೆ. ಕೇಳಿಕೊಂಡದ್ದಕ್ಕೆ ಒಮ್ಮೆ ಬಿಳಿ ದೀಪ ಹಾಕಿದರು. ಅದರಲ್ಲಿ ಕುಡಿಯುವ ನೀರೂ ನೀಲಿ ಕಂಡಿತು. "ನೀರಿಗೂ ಎಣ್ಣಿ-ಔಷಧ ಹೊಡದಾರೇನ ಯಕ್ಕಾ?" ಎಂದು ಬಾಳಪ್ಪ ನಕ್ಕರು. ಮರುದಿನ ದೀಪ ಇಳಿಯಿತು.

ಹೋದ ಮಂಗಳವಾರ ಒಂದು ಶೀಶೆ ಕೆಂಪು ಕಂಡಿತು. ಸಾವಂತ್ರವ್ವ "ಬಿಡ್ರಿ" ಅಂದರು. ಏಳಕ್ಕೆ ಬಾಗಿಲಿಗೆ ಬಿಸಿಲು ಬಂದಾಗ ಹಿಡಿದು ನೋಡಿದರೆ ನೇರಳೆ. ಮಾಲು ದೇಸೂರು ದಾಟಿ ಖಾನಾಪುರದ ಒಂದು ಹಾಸ್ಟೆಲ್ ಸೇರಿಯಾಗಿತ್ತು. ನಂಬರು ಹುಡುಕಿ ಎಂಟೂವರೆಗೆ ಅಲ್ಲಿ ಅಡುಗೆ ಮಾಡುವ ಗಂಗೂಬಾಯಿಗೆ ಫೋನು ಮಾಡಿದರು.

"ಬಾಯೀ, ಆ ಬದನಿಕಾಯಿ ಬಾಜೂಕ ಇಡ್ರಿ."

"ಖರೇನ? ಪಲ್ಯ ಆಗೇತ್ರೀ. ಹುಡುಗ್ರು ತಾಟ ಹಿಡಕೊಂಡ ಕುಂತಾವ. ಏನ ಬಡಸ್ಲಿ?"

ಮಕ್ಕಳು ಉಂಡರು. ಅಂದು ಯಾರಿಗೂ ಏನೂ ಆಗಲಿಲ್ಲ.

"ಅಂದೇ ಆಗಿದ್ರ ಎಲ್ಲಾರೂ ಬೆಳಕ ಕಾಯತಿದ್ರು. ಇದು ಒಂದ ದಿನಕ್ಕ ಕಾಣೂ ಪೈಕಿ ಅಲ್ಲ," ಅನ್ನುತ್ತಾರೆ ಸಾವಂತ್ರವ್ವ.

ಅಂದಿನಿಂದ ಅನುಮಾನ ಬಂದರೆ ಅವರು "ಕಾಣವಲ್ದು" ಅನ್ನುತ್ತಾರೆ. ನಿಯಮದಲ್ಲಿ ಇರುವುದು ಕೆಂಪು, ನೀಲಿ ಎರಡೇ; ನೀಲಿಯಲ್ಲದ್ದು ಮಾರಾಟಕ್ಕೆ ಹೋಗುತ್ತದೆ. ಇಂದೂ "ಕಾಣವಲ್ದು" ಅನ್ನಿಸಿಕೊಂಡ ಎರಡು ಗಾಡಿ ಕತ್ತಲಲ್ಲೇ ಖಾನಾಪುರದ ದಾರಿ ಹಿಡಿದವು.

"ಬೆಳಕ ಹರದ ಮ್ಯಾಲೆ ಸವಾಲ ಸುರು ಮಾಡ್ರಿ ಅಂತ ಮೂರ ಸಲ ಕೇಳೇನ್ರೀ. ಆಗಂಗಿಲ್ಲಂತ. ನನಗ ಗಾಡಿ ನಿಂದರ್ಸಾಕ ಬರೂದಿಲ್ಲ. ಆದ್ರ ಕಾಣದ್ದಕ್ಕ ಕೆಂಪ ಅನ್ನಾಕ ಇನ್ನ ಬಾಯಿ ಬರೂದಿಲ್ಲ."