ಲಿಂಕ್ ಸರಿಹೋದ ದಿನ

ನಿನ್ನ ಕೆಲಸ ಹೋಗಿದ್ದು ನನ್ನಿಂದ, ರತ್ನಕ್ಕ. ಲಿಂಕ್ ಕೆಟ್ಟದ್ದು ನನ್ನ ತಪ್ಪಿನಿಂದ — ಅದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಚಾಮರಾಜನಗರದ ನಮ್ಮ ಅರಿಸಿನ ವ್ಯಾಪಾರದ ಕಚೇರಿಗೂ, ಗುಂಡ್ಲುಪೇಟೆಯಲ್ಲಿ ನೀನು ಬಿಲ್ ಹಾಕುತ್ತಿದ್ದ ಖರೀದಿ ಕೇಂದ್ರಕ್ಕೂ ಕಂಪ್ಯೂಟರ್ ಲಿಂಕ್ ಜೋಡಿಸಿ, ಅದರ ಪೆಟ್ಟಿಗೆ ಕೂರಿಸಿದವನು ನಾನು. ಬೆಳಗ್ಗೆ ನಾನು ಪರೀಕ್ಷಿಸಿದಾಗ ಚೆನ್ನಾಗಿ ಓಡುತ್ತಿತ್ತು; ನೀನು ಬಂದು ಕೂತರೆ ತೆವಳುತ್ತಿತ್ತು. ಸೀರಿಯಲ್ ನೋಡುತ್ತೀಯ ಅಂದುಕೊಂಡೆ. ಆಮೇಲೆ, ನಮ್ಮ ದರಗಳನ್ನು ಕೇರಳದ ವ್ಯಾಪಾರಿಗಳಿಗೆ ಕಳಿಸುತ್ತೀಯ ಅಂತಲೂ — ಆ ಮಾತನ್ನು ಮ್ಯಾನೇಜರ್ ಕಿವಿಗೆ ಹಾಕಿದವನೂ ನಾನೇ. ನಿನ್ನ ಕೈಯಲ್ಲಿ ಫೋನ್ ಕಂಡರೆ ಅನುಮಾನ, ಕಾಣದಿದ್ದರೆ ಬಚ್ಚಿಟ್ಟಿದ್ದಾಳೆ ಎಂಬ ಅನುಮಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮ್ಯಾನೇಜರ್ ಕೇಂದ್ರಕ್ಕೆ ಬಂದು ವಿಚಾರಿಸಿದಾಗ ಎಲ್ಲರೆದುರು ನೀನು ನನಗೆ ಇಷ್ಟೇ ಹೇಳಿದೆ: “ನಾನೇನೂ ಮಾಡಿಲ್ಲ ಕಣಪ್ಪ. ನಿನ್ ಪೆಟ್ಟಿಗೇನೇ ಒಂದ್ಸಲ ನೋಡ್ಬುಡು, ಆಮೇಲೆ ಬೇಕಾರೆ ಬಯ್ವಂತೆ.”

ನಾನು ನಕ್ಕುಬಿಟ್ಟೆ. ನಿನ್ನನ್ನು ಅಂದೇ ಬಿಡಿಸಿದರು.

ಮರುದಿನ ನಿನ್ನ ಜಾಗಕ್ಕೆ ಬಂದ ಹೊಸಬನಿಗೆ ಪಾಸ್‌ವರ್ಡ್ ಹಾಕಿಕೊಡಲು ಕೇಂದ್ರಕ್ಕೆ ಬಂದವನು, ಯಾಕೋ ಆ ಪೆಟ್ಟಿಗೆಯ ಸೆಟ್ಟಿಂಗ್ ತೆರೆದೆ. ಅದರ ತಂತಿಯ ಒಂದು ತುದಿಯನ್ನು ನಾನೇ ಫುಲ್ ಡ್ಯೂಪ್ಲೆಕ್ಸ್‌ಗೆ ಕಟ್ಟಿಹಾಕಿದ್ದೆ — ಹೇಳುವುದು, ಕೇಳುವುದು ಎರಡೂ ಒಟ್ಟಿಗೆ. ಇನ್ನೊಂದನ್ನು ‘ಆಟೋ’ದಲ್ಲೇ, ಅಂದರೆ ತಾನೇ ಹೊಂದಿಕೊಳ್ಳಲಿ ಅಂತ, ಬಿಟ್ಟಿದ್ದೆ. ಅದು ತಾನಾಗಿ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿದಿತ್ತು — ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ವೇಗ ಎರಡೂ ಕಡೆ ಒಂದೇ ಇದ್ದದ್ದರಿಂದ ಹಸಿರು ದೀಪವೇನೋ ಉರಿಯುತ್ತಿತ್ತು. ಕೆಲಸ ಇಲ್ಲದಾಗ ತೊಂದರೆ ಕಾಣದು. ಬಿಲ್ಲುಗಳು ಎರಡೂ ಕಡೆಯಿಂದ ನುಗ್ಗಿದರೆ ಡಿಕ್ಕಿ, ಮತ್ತೆ ಕಳಿಸುವುದು, ಮತ್ತೆ ಡಿಕ್ಕಿ. ನೀನು ಬಂದಾಗ ಲಿಂಕ್ ತೆವಳಿದ್ದು ನೀನು ಕೆಲಸ ಮಾಡುತ್ತಿದ್ದುದರಿಂದ, ಅಕ್ಕ.

ಎರಡು ತುದಿಯನ್ನೂ ಒಂದೇ ಕ್ರಮಕ್ಕೆ ತಂದೆ. ಲಿಂಕ್ ಓಡಿತು. ಮ್ಯಾನೇಜರ್ ಮೇಜು ತಟ್ಟಿದರು: “ನೋಡ್ದೇನ್ಲಾ! ಆ ಯಮ್ಮ ಓಗಿದ್ದೇ ತಡ, ಸರಿಯಾಗೋಯ್ತು!”

ನಾನು — ಹೌದೆಂದು ತಲೆಯಾಡಿಸಿದೆ. ನಾನು ಸರಿಮಾಡಿದ್ದೇ ನಿನ್ನ ಮೇಲಿನ ಅನುಮಾನಕ್ಕೆ ಸಾಕ್ಷಿಯಾಯಿತು.

ಮೊನ್ನೆ ಕುದೇರಿನ ಬಸ್ಸಿನಲ್ಲಿ ಸಿಕ್ಕೆಯಲ್ಲ, ನೀನೇ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು ನನಗೆ ಜಾಗ ಕೊಟ್ಟೆ. “ಆ ಸುದ್ದಿ ಎಲ್ಲಾ ಕಡೆ ಅಬ್ಬೋಗ್ಯದೆ ಕಣಪ್ಪ. ಯಾರೂ ಕಂಪ್ಯೂಟರ್ ಮುಟ್ಟಕ್ಕೆ ಬುಡಾಕಿಲ್ಲ” ಅಂದೆ. ಆಗಲೂ ನಾನು ನಿನ್ನ ಮುಖವನ್ನೇ ಅಳೆಯುತ್ತಿದ್ದೆ — ಇವಳಿಗೆ ಗೊತ್ತಾಗಿದೆಯೇ, ಬೇಕೆಂದೇ ಹೇಳುತ್ತಿದ್ದಾಳೆಯೇ ಎಂದು. ನಾಚಿಕೆಯಾಗುತ್ತದೆ.

ಸೋಮವಾರ ಕೇಂದ್ರಕ್ಕೆ ಬಾ. ಮ್ಯಾನೇಜರನ್ನೂ ಕರೆದಿದ್ದೇನೆ. ನೀನು ಅಂದು ನಿಂತ ಜಾಗದಲ್ಲೇ ನಿಂತು, ಎಲ್ಲರೆದುರು ಹೇಳುತ್ತೇನೆ: ತಪ್ಪು ಪೆಟ್ಟಿಗೆಯದು — ಇಲ್ಲ, ಪೆಟ್ಟಿಗೆಯದೂ ಅಲ್ಲ. ನನ್ನದು.