ಪಡಸಾಲೆ ಬಾಡಿಗೆಗೆ ಕೊಟ್ಟ ಮೇಲೆ

ಮನೆಯ ಮೇಲಿನ ಸಾಲ ತೀರಿದ ದಿನ ಅಪ್ಪ ಅಡವಿಟ್ಟಿದ್ದ ಕಾಗದಪತ್ರ ಬಿಡಿಸಿಕೊಂಡು ಬಂದು ದೇವರ ಜಗಲಿಯ ಮೇಲಿಟ್ಟ. ಅವ್ವ ಅದಕ್ಕೆ ವಿಭೂತಿ ಹಚ್ಚಿದಳು. ಈವತ್ತಾದರೂ ಹೋಳಿಗೆ ಆದೀತೆಂದು ನಾನು ಅಡುಗೆಮನೆಯ ಬಾಗಿಲಲ್ಲೇ ಸುಳಿದಾಡಿದೆ. ಎಲ್ಲಿಯ ಹೋಳಿಗೆ! ತಾಟಿಗೆ ಬಿದ್ದದ್ದು ಅದೇ ರೊಟ್ಟಿ, ಅದೇ ಪುಂಡಿಪಲ್ಯ.

ಇದು ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ಹರಪನಹಳ್ಳಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ನನಗೆ ತಿಳಿವಳಿಕೆ ಬಂದಾಗಿನಿಂದ ಅವನ ಪಗಾರದಲ್ಲಿ ಅರ್ಧ ಆ ಸಾಲಕ್ಕೇ ಹೋಗುತ್ತಿತ್ತು. ಉಳಿದರ್ಧದಲ್ಲಿ ಅವ್ವ ಸಂಸಾರ ತೂಗಿಸಿದಳು. ಮೈಸೋಪನ್ನು ದಾರದಿಂದ ಎರಡು ತುಂಡು ಮಾಡಿ ಒಂದನ್ನು ಬಚ್ಚಿಡುತ್ತಿದ್ದಳು. ಕಡ್ಡಿಪೆಟ್ಟಿಗೆ ಬೇಗ ಖರ್ಚಾದೀತೆಂದು ಪಕ್ಕದ ಮನೆಯ ಒಲೆಯಿಂದ ಕೆಂಡ ತರುತ್ತಿದ್ದಳು. ಯುಗಾದಿಗೆ ನನಗೊಂದು ಲಂಗ, ಅದೂ ಮುಂದಿನ ವರ್ಷಕ್ಕೂ ಬರಲೆಂದು ಅಂಚು ಮಡಚಿ ಹೊಲಿದದ್ದು. ನಾನು ಎಷ್ಟು ಹಟ ಮಾಡಿದರೂ ಅವಳದು ಒಂದೇ ಉತ್ತರ, ಸಾಲ ತೀರಲಿ.

ಆಗ ಅವಳಿಗಿದ್ದ ಒಂದೇ ಸುಖ ನಮ್ಮ ಪಡಸಾಲೆ. ಮಧ್ಯಾಹ್ನ ಕೆಲಸ ಮುಗಿಸಿ ಬೀದಿ ಬಾಗಿಲು ತೆರೆದು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂರುವಳು. ಹೋಗಿಬರುವವರನ್ನೆಲ್ಲ ಮಾತನಾಡಿಸುವಳು. ಯಾರ ಮನೆಗೆ ಬೀಗರು ಬಂದರು, ಯಾರ ಎಮ್ಮೆ ಈಯಿತು, ಊರಿಗೆ ಮೊದಲು ಅವಳಿಗೆ ಗೊತ್ತು. ನಮ್ಮನೆ ರೇಡಿಯೋ ಎಂದು ಅಪ್ಪ ಅವಳನ್ನು ಚೇಷ್ಟೆ ಮಾಡುತ್ತಿದ್ದ.

ಸಾಲ ತೀರಿ ಎರಡು ತಿಂಗಳಾಗಿರಲಿಲ್ಲ, ಅಪ್ಪ ಆ ಪಡಸಾಲೆಯನ್ನೇ ಪಕ್ಕದ ಕೋಣೆ ಸಮೇತ ಬಾಡಿಗೆಗೆ ಕೊಟ್ಟ. ನಾನು ಪಿಯುಸಿ ಮುಗಿಸಿ ಟೀಚರ್ ಟ್ರೇನಿಂಗಿಗೆ ಹೋಗಬೇಕಿತ್ತು, ಅದರ ಫೀಜಿಗೆ ಬೇರೆ ದಾರಿ ಇರಲಿಲ್ಲ. ಬಾಡಿಗೆಗೆ ಬಂದವರು ಹಡಗಲಿ ಕಡೆಯ ಒಬ್ಬ ಕ್ಲರ್ಕು, ಅವನ ಹೆಂಡತಿ. ಎಷ್ಟು ದಿನಕ್ರಿ ಎಂದಷ್ಟೇ ಅವ್ವ ಕೇಳಿದಳು.

"ಹುಡುಗಿ ಓದು ಮುಗೀಲಿ, ಬಿಡಸ್ತೀನಿ. ನಿನ್ನ ಪಡಸಾಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದ ಅಪ್ಪ.

ನಡುಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಬಿತ್ತು. ನಮಗೆ ಉಳಿದದ್ದು ಅಡುಗೆಮನೆ, ಅದರ ಹಿಂದಿನ ತಗಡಿನ ಕೋಣೆ. ಹತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಬಿಡಿಸಿಕೊಂಡ ಮನೆಗೆ ನಾವು ಹಿಂದಿನ ಸಂದಿಯಿಂದ, ಚರಂಡಿ ದಾಟಿ ಒಳಗೆ ಬರಬೇಕಾಯಿತು. ಸಾಲವಿದ್ದಾಗ ಒಡೆಯರ ಹಾಗಿದ್ದೆವು, ಸಾಲ ತೀರಿದ ಮೇಲೆ ಬಾಡಿಗೆಯವರ ಹಾಗಾದೆವು. ಇದೆಂಥ ಲೆಕ್ಕವೋ ನನಗಂತೂ ಈವತ್ತಿಗೂ ತಿಳಿದಿಲ್ಲ.

ಬಾಡಿಗೆಯೊಂದೇ ಸಾಲದೆಂದು ಅವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ನಸುಕಿನಿಂದ ಮಧ್ಯಾಹ್ನದವರೆಗೆ ಎರಡು ಒಲೆ ಉರಿಯುತ್ತಿದ್ದವು. ಹೊಗೆ ಹೋಗಲು ಒಂದೇ ಒಂದು ಗವಾಕ್ಷಿ. ವರ್ಷದೊಳಗೆ ಕೆಮ್ಮು ಹತ್ತಿತು. ಕೂತರೆ ಎದುರಿಗೆ ಪಕ್ಕದವರ ಗೋಡೆ, ಮಾತಿಗೆ ಒಂದು ನರಪಿಳ್ಳೆ ಇಲ್ಲ. ಕ್ಲರ್ಕಿನ ಹೆಂಡತಿ ಒಳ್ಳೆಯವಳು, ಮುಂದೆ ಬಂದು ಕೂತುಕೊಳ್ಳಿ ಎಂದು ಎಷ್ಟೋ ಸಲ ಕರೆದಳು. ಅವರು ದುಡ್ಡು ಕೊಟ್ಟ ಜಾಗ ಎಂದು ಅವ್ವ ಒಂದು ಸಲವೂ ಹೋಗಲಿಲ್ಲ.

ಟ್ರೇನಿಂಗ್ ಮುಗಿಯಿತು. ಕೆಲಸಕ್ಕಾಗಿ ಮತ್ತೆ ಮೂರು ವರ್ಷ ಕಾದೆ. ಕೊನೆಗೆ ತೆಲಿಗಿಯ ಶಾಲೆಗೆ ಆರ್ಡರ್ ಬಂತು. ಮೊದಲ ಪಗಾರ ತಂದು ಅವ್ವನ ಕೈಗಿಟ್ಟ ದಿನ ಅಪ್ಪ ತಾನಾಗಿಯೇ ಮಾತು ತೆಗೆದ. ಈ ತಿಂಗಳು ಕ್ಲರ್ಕಿಗೆ ಹೇಳಿಬಿಡಲೇ ಎಂದ. ಅವ್ವನ ಮುಖ ಅರಳಿದ್ದನ್ನು ನಾನು ನೋಡಿದೆ. ನೋಡಿಯೂ ಬಾಯಿ ಹಾಕಿದೆ.

ದಿನಾ ತೆಲಿಗಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು, ಗಂಡಸರ ಮೈ ತಗುಲಿಸಿಕೊಂಡು ಹೋಗಿಬಂದು ನನಗೆ ರೋಸಿಹೋಗಿತ್ತು. ಒಂದು ಮೊಪೆಡ್ ಕಂತಿನ ಮೇಲೆ ತೆಗೆದುಕೊಳ್ಳಬೇಕು, ಕಂತಿಗೆ ಬಾಡಿಗೆ ಆಗುತ್ತದೆ, ಇನ್ನೊಂದು ವರ್ಷ ಅವರು ಇರಲಿ ಎಂದೆ. ಅಪ್ಪ ಅವ್ವನ ಕಡೆ ನೋಡಿದ.

"ಆತು ಬಿಡವ್ವಾ, ಐದು ವರ್ಷ ಇದ್ದೀನಿ, ಇನ್ನೊಂದು ವರ್ಷ ಏನ್ ಮಹಾ" ಎಂದಳು ಅವ್ವ.

ಆ ವರ್ಷ ತುಂಬಲಿಲ್ಲ. ಶ್ರಾವಣದ ಜಡಿಮಳೆಯಲ್ಲಿ ತಗಡಿನ ಕೋಣೆ ಜಿನುಗತೊಡಗಿ ಅವಳ ಕೆಮ್ಮು ದಮ್ಮಿಗೆ ತಿರುಗಿತು. ದಾವಣಗೆರೆಯ ಆಸ್ಪತ್ರೆಗೆ ಹೋಗಿಬಂದ ಮೂರನೆಯ ಬೆಳಗ್ಗೆ, ಒಲೆಯ ಪಕ್ಕದ ಚಾಪೆಯ ಮೇಲೆ ಪ್ರಾಣ ಬಿಟ್ಟಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸುತ್ತೇವೆ. ನೋಡಲು ಬರುವವರು ಬೀದಿ ಬಾಗಿಲಿನಿಂದ ಬರಬೇಕು, ಕೊನೆಗೆ ಹೆಣವೂ ಅದೇ ಬಾಗಿಲಿನಿಂದ ಹೋಗಬೇಕು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸಂದಿ ಸುತ್ತಿ ಬೀದಿಗೆ ಹೋಗಿ, ತಾನೇ ಕಟ್ಟಿಸಿದ ಮನೆಯ ಬಾಗಿಲು ಬಡಿದ.

"ಒಂದಿನ ಪಡಸಾಲಿ ಕೊಡ್ರಿ. ಆಕೀನ್ನ ಕೂಡಿಸ್ಬೇಕು."

ಪಾಪ, ಆ ಮನುಷ್ಯ ತಾನೇ ಮಂಚ, ಟೀವಿ ಎಲ್ಲ ಕೋಣೆಗೆ ಎಳೆದ. ಅವನ ಹೆಂಡತಿ ಅಳುತ್ತಲೇ ನೆಲ ಸಾರಿಸಿದಳು. ನಡುಬಾಗಿಲ ಚಿಲಕ ತೆಗೆದು ಅವ್ವನನ್ನು ಒಳಗೆ ತಂದೆವು. ಜಾರಬಾರದೆಂದು ಭುಜಕ್ಕೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ಅವಳು ಐದಾರು ವರ್ಷ ಕಾಣದೇ ಇದ್ದ ಹೆಂಗಸರೆಲ್ಲ ಸಾಲಾಗಿ ಬಂದರು. ಬೀದಿಗೆ ಮುಖ ಮಾಡಿ ಸಂಜೆಯವರೆಗೆ ಕೂತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗದೆ ಕಾಲು ಹಿಡಿದುಕೊಂಡು ಕೂತಿದ್ದೆ.

ತಿಂಗಳು ಹುಟ್ಟಿತು. ಕ್ಲರ್ಕು ಯಾವತ್ತಿನಂತೆ ಆರುನೂರು ರೂಪಾಯಿ ತಂದುಕೊಟ್ಟ. ಅಪ್ಪ ಎಣಿಸಿ, ಅದರಲ್ಲಿ ಇಪ್ಪತ್ತು ರೂಪಾಯಿ ತೆಗೆದು ವಾಪಸು ಅವನ ಮುಂದೆ ಹಿಡಿದ. ಅವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

"ಒಂದಿನ ನಾವು ಇಟ್ಕಂಡಿದ್ವಲ್ರಿ. ಹಿಡೀರಿ" ಎಂದ ಅಪ್ಪ.

ಬೇಡವೇ ಬೇಡ ಎಂದು ಕ್ಲರ್ಕು ಕೈಮುಗಿದ. ಅಪ್ಪ ಬಿಡಲಿಲ್ಲ, ನೋಟನ್ನು ಅವನ ಜೇಬಿಗೆ ತುರುಕಿ ಕಳಿಸಿದ. ಅವ್ವ ತನ್ನ ಮನೆಯಲ್ಲಿ ಕೂತದ್ದಕ್ಕೂ ಬಾಡಿಗೆಯೇ ಎಂದು ಕಿರುಚಬೇಕೆನಿಸಿ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಉಳಿದ ಐನೂರ ಎಂಬತ್ತನ್ನು ನನ್ನ ಕಡೆ ಚಾಚಿದ. ಮೊಪೆಡ್ಡಿನ ಕಂತಿಗೆ ಅದು ಕೊನೆಯ ದಿನ. ನಾನು ಇಸಿದುಕೊಂಡೆ.